ಗೇಟು ತೆರೆಯುವ ಭಾನುವಾರಗಳು

ಜೂನ್ 9

ತಂಗೀ,

ಅಕ್ಕ ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಚೆನ್ನಾಗಿಯೇ ಇದ್ದೇನೆ, ಸೊಂಟದ ಮೂಳೆ ಒಂದನ್ನು ಬಿಟ್ಟು. ಫೋನು ಮಾಡಿದರೆ ಆ ಕಡೆ ನಿನ್ನ ಹೊಲಿಗೆ ಮಿಷನ್ನಿನ ಸದ್ದು, ಈ ಕಡೆ ನಿನ್ನ ಭಾವನ ಟಿವಿ ಸದ್ದು. ನಮ್ಮಿಬ್ಬರ ಮಾತಿಗೆ ಜಾಗವೇ ಇರುವುದಿಲ್ಲ. ಅದಕ್ಕೇ ಕಾಗದ.

ಇದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲು ಇಳಿಯಬಾರದು ಅಂದಿದ್ದಾರೆ ಡಾಕ್ಟರು. ಎಷ್ಟು ದಿನ ಎಂದರೆ "ನೋಡೋಣ" ಅನ್ನುತ್ತಾರೆ. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ಟ್ಯಾಂಕುಗಳು, ಒಟ್ಟು ಒಂಬತ್ತು. ಅದರಲ್ಲಿ ಎರಡು ಸೋರುತ್ತವೆ. ನನ್ನ ಪಾಲಿನ ಹಸಿರು ಅಂದರೆ ಆ ಟ್ಯಾಂಕಿನ ಪಾಚಿ.

ಅಣ್ಣತಮ್ಮಂದಿರನ್ನು ಮದುವೆಯಾಗಿ ಒಂದೇ ಮನೆಗೆ ಬಂದು ಬಿದ್ದವರು ನಾವು. ನಾನು ಈ ಊರಿಗೆ ಬರುವವರೆಗೆ ಹದಿನಾರು ವರ್ಷ ವಾರಗಿತ್ತಿಯರಾಗಿ ಜಗಳವಿಲ್ಲದೆ ಬಾಳಿದ ಗುಟ್ಟೇನು ಎಂದು ಯೋಚಿಸಿದೆ. ಆ ಭಾನುವಾರಗಳೇ ಕಣೇ. ಹಕ್ಕಿ, ಜೇನು, ಕಪ್ಪೆಗಳಿಗೆಂದು ಹಿತ್ತಲು ಬಿಟ್ಟುಕೊಟ್ಟ ಜನ ವರ್ಷಕ್ಕೆ ಎರಡೋ ಮೂರೋ ಭಾನುವಾರ ಗೇಟು ತೆರೆದು, ಯಾರು ಬೇಕಾದರೂ ಬಂದು ನೋಡಿ ಎನ್ನುತ್ತಾರಲ್ಲ, ಆ ಮನೆಗಳ ಪಟ್ಟಿಯಿರುವ ಹಳದಿ ಪುಸ್ತಿಕೆ ಹಿಡಿದು ನಾವಿಬ್ಬರೂ ಅಡುಗೆಮನೆಯಿಂದ ಪರಾರಿಯಾಗುತ್ತಿದ್ದೆವಲ್ಲ! ಈ ವರ್ಷದ ಪುಸ್ತಿಕೆ ಬಂದಿರಬೇಕು. ನಾನಂತೂ ಬರಲಾರೆ. ನನ್ನ ಬದಲು ನೀನು ಹೋಗು, ನೋಡು, ಬರಿ.

ನಿನ್ನ ಬರಹಕ್ಕೆ ತಲೆಬುಡ ಇರುವುದಿಲ್ಲ ಎಂದು ನನಗೆ ಗೊತ್ತು. ಇಪ್ಪತ್ತೆಂಟು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವಳು, ತಿದ್ದಿಕೊಂಡೇ ಓದುತ್ತೇನೆ. ಪ್ರೂಫ್ ನೋಡುವವರು ಅಕ್ಷರ ನೋಡುತ್ತಾರೆಯೇ ಹೊರತು ಅರ್ಥ ನೋಡುವುದಿಲ್ಲ. ನನ್ನ ಸ್ವಂತ ಮದುವೆಯ ಕರೆಯೋಲೆಯಲ್ಲಿ ಎರಡು ತಪ್ಪು ಹಿಡಿದಿದ್ದೆ. ಗಂಡು ಯಾರು ಎನ್ನುವುದು ಮಾತ್ರ ಆಮೇಲೆ ಗೊತ್ತಾಯಿತು.

ಒಗೆಯುವ ಕಲ್ಲಿನ ಕೆಳಗಿರುವ ಮಾವನವರಿಗೆ ನನ್ನ ನಮಸ್ಕಾರ ಹೇಳು. ನಿಜವಾದ ಮಾವನವರು ಹೋಗಿ ಇಷ್ಟು ವರ್ಷವಾದರೂ, ಅವರ ಹಾಗೆಯೇ ಗಂಟಲುಬ್ಬಿಸಿ ಮುನಿಸಿಕೊಂಡು ಕೂರುವ ಆ ನೆಲಗಪ್ಪೆಗೆ ಹೆಸರು ಉಳಿದುಬಿಟ್ಟಿತು ನೋಡು. ಸಂಜೆ ನೀರು ಹಾಕುವುದನ್ನು ಮರೆಯಬೇಡ.

ನಿನ್ನ ಅಕ್ಕ


ಜೂನ್ 24

ನನ್ನಕ್ಕನಿಗೆ, ಊಟ ಆಯ್ತಾ?

ಮಾವನವರು ಕ್ಷೇಮ. ನಿನ್ನ ನಮಸ್ಕಾರ ಹೇಳಿದೆ. ಎಂದಿನಂತೆ ಉತ್ತರ ಕೊಡಲಿಲ್ಲ.

ನಿನ್ನೆ ಹೋಗಿದ್ದೆ. ರಿಟೈರಾದ ಬಸ್ ಡ್ರೈವರ್ ಒಬ್ಬರ ಮನೆ. ಹೆಂಡತಿ ಅದೇ ಬಸ್ಸಿನ ಕಂಡಕ್ಟರ್ ಆಗಿದ್ದರಂತೆ. ಬಂದ ಹನ್ನೆರಡು ಜನರನ್ನೂ ಆಕೆ ತೋಟದೊಳಗೆ, "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ, ಬಾಗಿಲಲ್ಲಿ ನಿಲ್ಬೇಡಿ" ಅಂತ ತಳ್ಳಿದರು. ನನ್ನನ್ನು ನೋಡಿ, "ಏನಮ್ಮಾ, ಅಳತೆ ತಗೊಳ್ಳೋಕೆ ಬಂದ್ಯಾ?" ಅಂದರು. ನೋಡಿಕೊಂಡರೆ ಕೊರಳಲ್ಲಿ ಟೇಪು! ಬಸ್ಸಿನಲ್ಲಿ ಎಲ್ಲರೂ ಯಾಕೆ ನಗುತ್ತಿದ್ದರು ಎಂದು ಆಗ ಗೊತ್ತಾಯಿತು.

ಬಿದ್ದ ಮರವೊಂದನ್ನು ಕಡಿಸದೆ ಹಾಗೇ ಬಿಟ್ಟಿದ್ದಾರೆ. ಟೇಪು ಹೇಗೂ ಇತ್ತಲ್ಲ, ಅಳೆದೆ. ಹದಿನಾಲ್ಕಡಿ ಉದ್ದ, ಸುತ್ತಳತೆ ನನ್ನ ಭಾವನಷ್ಟು, ತಪ್ಪು ತಿಳಿಯಬೇಡ. ಮರ ಸತ್ತಿದೆ ಅಂದುಕೊಂಡು ಹತ್ತಿರ ಹೋದರೆ, ಬದುಕಿರುವ ಮರಕ್ಕಿಂತ ಹೆಚ್ಚು ಸಂಸಾರಗಳು ಅದರಲ್ಲಿವೆ. ದುಂಬಿ ಕೊರೆದ ತೂತು, ಗುಂಡಿಗೆ ಕಾಜ ಹೊಲಿದಷ್ಟು ನೀಟು. ನನ್ನ ಅಂಗಡಿಯಲ್ಲಿ ಕೆಲಸಕ್ಕಿಟ್ಟುಕೊಳ್ಳಬಹುದು. ಡ್ರೈವರು ಹೇಳಿದರು, "ಮೂವತ್ತೈದು ವರ್ಷ ಎಲ್ರನ್ನೂ ಅವರವರ ಸ್ಟಾಪಲ್ಲಿ ಇಳಿಸ್ದೆ. ಈಗ ಇಲ್ಲಿ ಯಾರು ಬೇಕಾದ್ರೂ ಹತ್ಲಿ, ಇಳಿಸೋದಿಲ್ಲ."

ನಿನಗೆ ಇಷ್ಟವಾಗುತ್ತಿತ್ತು. ನೀನಿಲ್ಲದೆ ನೋಡುವುದು ಒಂಟಿ ಚಪ್ಪಲಿಯಲ್ಲಿ ನಡೆದ ಹಾಗೆ. ಈ ಕಾಗದವನ್ನು ಒಗೆಯುವ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಮೊಳೆಯಿಂದ ಗೋಡೆಗೆ ಗೀಚುತ್ತಿದ್ದೆಯಲ್ಲ, ಹೋಗಿಬಂದ ಒಂದೊಂದು ತೋಟಕ್ಕೆ ಒಂದೊಂದು ಗೀಟು, ಇವತ್ತು ನಿನ್ನ ಪರವಾಗಿ ನಾನೇ ಒಂದು ಎಳೆದೆ.

ನಿನ್ನ ತಂಗಿ


ಜುಲೈ 8

ತಂಗೀ,

ಕಾಗದ ಬಂತು. ಅಲ್ಲವೇ, ಕಾಗದದಲ್ಲಿ ಯಾರಾದರೂ ಊಟ ಆಯ್ತಾ ಎಂದು ಕೇಳುತ್ತಾರೆಯೇ? ಅದು ಇಲ್ಲಿಗೆ ತಲುಪುವಷ್ಟರಲ್ಲಿ ನನ್ನದು ಹತ್ತು ಊಟವಾಗಿತ್ತು!

ಬರಹದ ಬಗ್ಗೆ ಹೇಳುವುದಾದರೆ, ಸಾಧಾರಣ. ಎಲ್ಲಿಂದ ಎಲ್ಲಿಗೋ ಹಾರುತ್ತೀ. ಆದರೂ ನಿಲ್ಲಿಸಬೇಡ, ನನಗೆ ಹೊತ್ತು ಹೋಗುತ್ತದೆ. ಕೆಲವು ಮಾತು: ಹಾಳೆಯ ಒಂದೇ ಬದಿಗೆ ಬರಿ. ಹಿಂಬದಿಯ ಶಾಯಿ ಕಾಣಿಸಿದರೆ ನನ್ನ ಕಣ್ಣಿಗೆ ಹಿಂಸೆ. ಎಡಕ್ಕೆ ಎರಡು ಬೆರಳು ಅಂಚು ಬಿಡು. ಮನೆಯ ಸುದ್ದಿ, ಮೈದುನನ ಸಕ್ಕರೆ ಕಾಯಿಲೆ, ಇವನ್ನೆಲ್ಲ ಬೇರೆ ಚೀಟಿಯಲ್ಲಿ ಹಾಕು, ತೋಟದ ಜೊತೆ ಕಲಸಬೇಡ. ತೋಟದವರು ಆಡಿದ ಮಾತನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಬರಿ.

ನನ್ನ ಸ್ಥಿತಿ ಹಾಗೇ ಇದೆ. ಮೆಟ್ಟಿಲು ಕನಸಿನ ಮಾತು.

ಅಕ್ಕ


ನವೆಂಬರ್ 18

ನನ್ನಕ್ಕನಿಗೆ, ಊಟ ಆಯ್ತಾ?

ನಾನು ಕೇಳುವವಳೇ. ಏನು ಮಾಡುತ್ತೀ?

ಗಡಿಯಾರದ ಅಜ್ಜನ ತೋಟಕ್ಕೆ ಇದು ಮೂರನೇ ಸಲ. ಆಗಸ್ಟಿನಲ್ಲಿ ಬರೆದಿದ್ದೆನಲ್ಲ, ಗಡಿಯಾರ ರಿಪೇರಿ ಮಾಡುತ್ತಿದ್ದವರು, ಕೈ ನಡುಗಲು ಶುರುವಾದ ಮೇಲೆ ಅಂಗಡಿ ಮುಚ್ಚಿ ಮನೆಯ ಹಿಂದೆ ಕಾಡು ಬೆಳೆಸಿದವರು. ತೋಟದ ನಡುವೆ ಅಡ್ಡ ಹಗ್ಗ ಕಟ್ಟಿದ್ದಾರೆ. ಹಗ್ಗದಾಚೆ ಯಾರಿಗೂ ಪ್ರವೇಶವಿಲ್ಲ. ಹೋದ ಸಲ ಅವರ ಕೊಳದ ಬಲೆ ಹರಿದದ್ದು ನೋಡಿ, ಕೂತಲ್ಲೇ ಹೊಲಿದು ಕೊಟ್ಟಿದ್ದೆ. ಅದಕ್ಕೋ ಏನೋ, ನಿನ್ನೆ ಉಳಿದವರೆಲ್ಲ ಹೋದ ಮೇಲೆ, "ನೀನಿರಮ್ಮಾ" ಅಂದು ಹಗ್ಗ ಎತ್ತಿ ಹಿಡಿದರು.

ಅಕ್ಕಾ, ಗೂಬೆಗಳು! ಒಂದು ಜೋಡಿ. ಹಿಡಿಯಲ್ಲಿ ಹಿಡಿಯುವಷ್ಟೇ ಇವೆ. ಗೋಡೆಯ ಸಂದಿನಿಂದ ಒಂದು ಮುಖ ಹೊರಗೆ ಬಂತು, ನನ್ನನ್ನು ಮೇಲಿಂದ ಕೆಳಗೆ ನೋಡಿತು, ಬ್ಲೌಸು ಹಾಳು ಮಾಡಿದ ಟೈಲರನ್ನು ಗಿರಾಕಿ ನೋಡುವ ಹಾಗೆ. ಒಳಗೆ ಮೊಟ್ಟೆಗಳಿವೆಯಂತೆ. ಅಜ್ಜ ಪಿಸುಗುಟ್ಟಿದರು, "ಯಾರಿಗೂ ಹೇಳ್ಬಾರ್ದಮ್ಮ. ಹಿಂದೊಂದ್ಸಲ ಯಾರೋ ಟಾರ್ಚ್ ಬಿಟ್ರು. ಆರು ವರ್ಷ ಈ ಕಡೆ ತಲೆ ಹಾಕ್ಲಿಲ್ಲ ಇವು. ಆರು ವರ್ಷ ಕಾದಿದೀನಿ. ಇನ್ನೊಂದಾರು ವರ್ಷ ನನ್ ಹತ್ರ ಇಲ್ಲ."

ಮಾತು ಕೊಟ್ಟೆ. ನಿನಗೆ ಹೇಳಿದರೆ ಮಾತು ತಪ್ಪಿದ ಹಾಗಾಗುವುದಿಲ್ಲ ಅಂದುಕೊಂಡಿದ್ದೇನೆ. ನಿನಗೆ ಹೇಳುವುದು ಗೋಡೆಗೆ ಹೇಳಿದ ಹಾಗೆ. ಆದರೂ ತೋಟದಲ್ಲಿ ಎಲ್ಲಿ ಎಂದು ಮಾತ್ರ ಕೇಳಬೇಡ.

ನಿನ್ನ ತಂಗಿ


ನವೆಂಬರ್ 27

ತಂಗೀ,

ಕೇಳುವುದಿಲ್ಲ ಬಿಡು. ಮೂರನೇ ಮಹಡಿಯಲ್ಲಿ ಹಾಸಿಗೆ ಹಿಡಿದವಳು ಹೋಗಿ ಗೂಬೆಯ ಮೊಟ್ಟೆ ಕದಿಯುತ್ತಾಳೆ ಎಂದು ಆ ಅಜ್ಜನಿಗೂ ನಿನಗೂ ಭಯವಿರಬೇಕು. ನಿನ್ನ ಮೊದಲ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ದಿನ ಮಲಗಿದವಳು ನಾನು. ಈಗ ಗೋಡೆಯ ಸಂದು ಎಲ್ಲಿದೆ ಎಂದು ತಿಳಿಯಲೂ ಯೋಗ್ಯಳಲ್ಲ.

ಕಣ್ಣು ಮುಚ್ಚಿದರೆ ತೋಟ ಕಾಣಬೇಕು ಎಂದಿತ್ತು, ಅಷ್ಟೇ. ಈ ಟ್ಯಾಂಕುಗಳನ್ನು ಬಿಟ್ಟು ಬೇರೇನಾದರೂ ಕಾಣಲಿ ಎಂದು. ಇರಲಿ.

ಅಕ್ಕ


ಡಿಸೆಂಬರ್ 5

ನನ್ನಕ್ಕನಿಗೆ, ಊಟ ಆಯ್ತಾ?

ಮುನಿಸು ಸಾಕು. ನಿನ್ನ ಕಾಗದ ಓದಿ ಎರಡು ದಿನ ಹೊಲಿಗೆ ಸರಿಯಾಗಿ ಬೀಳಲಿಲ್ಲ, ಒಂದು ತೋಳು ತಲೆಕೆಳಗಾಗಿ ಜೋಡಿಸಿದೆ.

ಬರೆದುಕೋ. ಹಿಂದಿನ ಗೋಡೆ. ನೀರಿನ ತೊಟ್ಟಿಯ ಮೂಲೆಯಿಂದ ಎಡಕ್ಕೆ ಹನ್ನೊಂದು ಹೆಜ್ಜೆ. ನನ್ನ ಹೆಗಲಿನಿಂದ ಒಂದು ಗೇಣು ಮೇಲೆ. ಸಂದಿನ ಅಗಲ ನಾಲ್ಕೂವರೆ ಇಂಚು. ಕಣ್ಣಳತೆಯೇ, ಆದರೆ ನನ್ನ ಕಣ್ಣಳತೆ ಕಾಲಿಂಚೂ ತಪ್ಪುವುದಿಲ್ಲ ಎಂದು ನಿನಗೆ ಗೊತ್ತು. ಸಂದಿನ ಕೆಳಗೆ ಬಿಳಿ ಗೆರೆಗಳು, ಸುಣ್ಣ ಸೋರಿದ ಹಾಗೆ. ಈಗ ಕಣ್ಣು ಮುಚ್ಚು. ಕಂಡಿತಾ?

ನಿನ್ನ ತಂಗಿ


ಜನವರಿ 22

ನನ್ನಕ್ಕನಿಗೆ, ಊಟ ಆಯ್ತಾ?

ಗಡಿಯಾರದ ಅಜ್ಜನ ಗೇಟಿಗೆ ಬೀಗ. ಬೋರ್ಡು ತೆಗೆದಿದ್ದಾರೆ. ಈ ತಿಂಗಳ ಮೊದಲ ಭಾನುವಾರ ನೂರಕ್ಕೂ ಹೆಚ್ಚು ಜನ ಬಂದರಂತೆ. ಹಗ್ಗ ದಾಟಿ, ಸೀದಾ ಹಿಂದಿನ ಗೋಡೆಗೆ. ತೊಟ್ಟಿಯಿಂದ ಹೆಜ್ಜೆ ಎಣಿಸಿಕೊಂಡು ಹೋದರಂತೆ. ಒಬ್ಬ ಸಂದಿನೊಳಗೆ ಫೋನಿನ ಲೈಟು ಬಿಟ್ಟನಂತೆ. ಮೂರು ದಿನಕ್ಕೆ ಗೂಬೆಗಳು ಹೋದವು. ಮರಿಗಳನ್ನು ಬಿಟ್ಟು.

ಅಜ್ಜ ಗೇಟಿನ ಸರಳುಗಳ ಆಚೆಯಿಂದಲೇ ಮಾತಾಡಿದರು. ಅವರು ನನ್ನ ಮೇಲೆ ಗೂಬೆ ಕೂರಿಸಿದ್ದಾರೆ ಅಂದರೆ ನಿನಗೆ ನಗು ಬಂದೀತು. ನನಗೆ ಬರಲಿಲ್ಲ.

ನಾನು ನಿನ್ನೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಹೇಳಿಲ್ಲ. ಇದು ಹೇಗಾಯಿತು ಎಂದು ನಿನಗೇನಾದರೂ ಹೊಳೆಯುತ್ತದೆಯಾ ಅಕ್ಕಾ?

ನಿನ್ನ ತಂಗಿ


ಫೆಬ್ರವರಿ 2

ತಂಗೀ,

ಓದಿ ಬೇಜಾರಾಯಿತು. ಪಾಪದ ಹಕ್ಕಿಗಳು. ಅಕ್ಕಪಕ್ಕದ ಮಹಡಿಯವರು ಯಾರೋ ನೋಡಿ ಊರೆಲ್ಲ ಸಾರಿರಬೇಕು. ಈಗಿನ ಜನಕ್ಕೆ ಯಾವುದೂ ಗುಟ್ಟಾಗಿ ಇರಬಾರದು. ನೀನೇಕೆ ತಲೆಗೆ ಹಚ್ಚಿಕೊಳ್ಳುತ್ತೀ? ಆ ಅಜ್ಜನೂ ಹಗ್ಗದ ಬದಲು ಬೇಲಿ ಹಾಕಬೇಕಿತ್ತು.

ಬೇರೆ ತೋಟಕ್ಕೆ ಹೋಗು, ಮನಸ್ಸು ಹಗುರಾಗುತ್ತದೆ. ಎಂದಿನಂತೆ ಒಂದೇ ಬದಿಗೆ ಬರಿ. ಇಪ್ಪತ್ತರೊಳಗೆ ನನ್ನ ಕೈಸೇರಿದರೆ ಒಳ್ಳೆಯದು. ಸೊಂಟ ಹಾಗೇ ಇದೆ.

ಅಕ್ಕ


ಫೆಬ್ರವರಿ 14

ನನ್ನಕ್ಕನಿಗೆ, ಊಟ ಆಯ್ತಾ?

ಈ ಸಲದ ಮನೆ ಹಳದಿ ಪುಸ್ತಿಕೆಯಲ್ಲಿಲ್ಲ. ಹಳೆಯ ಅಂಚೆ ಕಚೇರಿಯ ಹಿಂದಿನ ಬೀದಿ, ಕೊನೆಯ ಮನೆ. ಗೇಟನ್ನು ಸ್ವಲ್ಪ ಎತ್ತಿ ತಳ್ಳಬೇಕು, ಇಲ್ಲದಿದ್ದರೆ ನೆಲಕ್ಕೆ ಸಿಕ್ಕಿಕೊಳ್ಳುತ್ತದೆ. ಮನೆಯ ಪಕ್ಕದಲ್ಲಿ ಒಬ್ಬರು ಹೋಗುವಷ್ಟೇ ಓಣಿ, ಎರಡೂಕಾಲು ಅಡಿ. ಮೈ ಸೋಕಿ ಸೋಕಿ ಆ ಗೋಡೆ ನುಣುಪಾಗಿದೆ.

ಹಿಂದೆ ಹೋದರೆ ದೊಡ್ಡದೇನೂ ಇಲ್ಲ. ಒಂದು ಸೀಬೆ ಮರ. ಅದರ ಹಣ್ಣನ್ನು ಮನೆಯವರಿಗಿಂತ ಅಳಿಲುಗಳೇ ಹೆಚ್ಚು ತಿಂದಿವೆ. ಕೆಟ್ಟುಹೋದ ಮೀಟರ್ ಪೆಟ್ಟಿಗೆಯಲ್ಲಿ ಗುಬ್ಬಿ ಸಂಸಾರ. ಬಟ್ಟೆ ಒಗೆಯುವ ಕಲ್ಲು, ನಡುವೆ ಸವೆದು ಇಬ್ಬರು ಕೂರುವಷ್ಟು ತಗ್ಗಾಗಿದೆ. ಗೋಡೆಯ ಮೇಲೆ ಯಾರೋ ಮೊಳೆಯಿಂದ ಗೀಚಿದ ಗೀಟುಗಳು. ಎಣಿಸಿದೆ, ಇನ್ನೂರ ಏಳು. ಆ ಗೀಟುಗಳೊಳಗೆ ಪಾಚಿ ಬೆಳೆದಿದೆ.

ಮನೆಯಾಕೆ ಮಾತು ಕಡಿಮೆ. "ಇದು ತೋಟ ಅಲ್ಲಮ್ಮ, ಬರೀ ಹಿತ್ತಲು. ಮೊದ್ಲು ಇಲ್ಲಿ ಇಬ್ರು ಇದ್ವಿ. ಈಗ ನಾನೊಬ್ಳೇ ನೋಡ್ಕೋತೀನಿ. ಇನ್ನೊಬ್ರು ಬಂದ್ರೆ ಗುರುತು ಹಿಡೀತಾರೋ ಇಲ್ವೋ" ಅಂದಳು.

ಈ ಕಾಗದವನ್ನು ನಿಧಾನವಾಗಿ ಓದು ಅಕ್ಕಾ.

ನಿನ್ನ ತಂಗಿ


ಫೆಬ್ರವರಿ 23

ತಂಗೀ,

ಸಮಯಕ್ಕೆ ಸರಿಯಾಗಿ ಬಂತು. ಎರಡನೇ ಪುಟದಲ್ಲಿ ಅಂಚು ಕಡಿಮೆ ಬಿಟ್ಟಿದ್ದೀ. "ಗೋಡೆ" ಎನ್ನುವ ಪದ ಹತ್ತಿರ ಹತ್ತಿರವೇ ಮತ್ತೆ ಬಂದಿದೆ. ಉಳಿದಂತೆ ಪರವಾಗಿಲ್ಲ, ಸುಧಾರಿಸುತ್ತಿದ್ದೀ. ಮುಂದಿನದು ಯಾವ ತೋಟ?

ಅಕ್ಕ


ಮಾರ್ಚ್ 31

ಅಕ್ಕಾ,

ಊಟದ ವಿಷಯ ಈ ಸಲ ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ಗೇಟು ಬಡಿದ ಸದ್ದಾಯಿತು. ಬ್ಲೌಸಿನವರು ಇರಬೇಕೆಂದು ಹೋದರೆ, ನಾಲ್ಕು ಜನ. ಒಬ್ಬಾಕೆಯ ಕೈಯಲ್ಲಿ ಪತ್ರಿಕೆಯ ಹಾಳೆ. "ಇನ್ನೂರ ಏಳು ಗೀಟು ಇರೋ ಮನೆ ಇದೇನಾ? ಪೇಪರಲ್ಲಿ ಬಂದಿದೆ" ಅಂದರು. ಇಸಿದುಕೊಂಡು ಓದಿದೆ. ಗೇಟು ಎತ್ತಿ ತಳ್ಳುವುದರಿಂದ ಹಿಡಿದು ಕೊನೆಯ ಮಾತಿನವರೆಗೆ, ಒಂದಕ್ಷರ ಬಿಡದೆ ನನ್ನದು. ಮೇಲೆ ನಿನ್ನ ಹೆಸರು.

ನನಗೆ ಅಚ್ಚರಿಯಾಗಲಿಲ್ಲ. ಜನವರಿಯಲ್ಲೇ ಗೊತ್ತಿತ್ತು. ಗಡಿಯಾರದ ಅಜ್ಜ ಗೇಟಿನ ಸರಳುಗಳ ನಡುವೆ ಒಂದು ಪತ್ರಿಕೆಯ ಚೂರು ತೂರಿಸಿ, "ಇದನ್ನ ಬರ್ದೋಳು ನಿನ್ ಪೈಕಿನಾ?" ಎಂದು ಕೇಳಿದ್ದರು. ತೊಟ್ಟಿಯ ಮೂಲೆ, ಎಡಕ್ಕೆ ಹನ್ನೊಂದು ಹೆಜ್ಜೆ, ನಾಲ್ಕೂವರೆ ಇಂಚು. ನನ್ನ ಕಣ್ಣಳತೆಯನ್ನು ಅಚ್ಚಿನಲ್ಲಿ ಓದಿದೆ. ಬ್ಲೌಸು ಹಾಳು ಮಾಡಿದ ಟೈಲರ್ ಕೂಡ ಅಲ್ಲೇ ಇದ್ದಳು. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ: ಬರಹ ಕಳುಹಿಸುವವರು ಹಾಳೆಯ ಒಂದೇ ಬದಿಗೆ, ಅಂಚು ಬಿಟ್ಟು ಬರೆಯಬೇಕು. ನಿನ್ನ ಕಣ್ಣಿನ ಹಿಂಸೆ ಯಾವುದು ಎಂದು ಆಗ ಅರ್ಥವಾಯಿತು. ನಿನಗೆ ಕಷ್ಟವಾಗಬಾರದು ಎಂದು ನಾನು ಸ್ಕೇಲು ಇಟ್ಟು ಅಂಚು ಎಳೆಯುತ್ತಿದ್ದೆ ಅಕ್ಕಾ.

ಅಜ್ಜನಿಗೆ "ಹೌದು, ನನ್ನ ಪೈಕಿ" ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋದರು. ಹೋಗುವಾಗ ಬೀಗವನ್ನು ಎರಡು ಸಲ ಎಳೆದು ನೋಡಿದರು.

ಆಮೇಲೆ ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಚಿಕೆಗಳನ್ನು ತೆಗೆಸಿದೆ. ಡ್ರೈವರು, ಕಂಡಕ್ಟರು, ಸತ್ತ ಮರ, ಎಲ್ಲರೂ ಇದ್ದಾರೆ. ತಲೆಬುಡ ಇಲ್ಲದ್ದು, ಸಾಧಾರಣ ಅಂದೆಯಲ್ಲ, ಅವೆಲ್ಲ ವಾರದ ಪುರವಣಿಯ ಅರ್ಧ ಪುಟ ತುಂಬಿಕೊಂಡಿವೆ. ನನ್ನದೇ ಬರಹ ಓದಿ ನಾನೇ ಒಂದೆರಡು ಕಡೆ ನಕ್ಕೆ. ನಾಚಿಕೆಯಾಯಿತು. ಒಂದು ಫೋಟೋ ಕೂಡ ಸಿಕ್ಕಿತು. ಡಿಸೆಂಬರ್ ಒಂಬತ್ತರದು, "ವಾಚಕರ ಕೂಟದಲ್ಲಿ ನಮ್ಮ ಲೇಖಕಿ." ನೀನು ವೇದಿಕೆಯ ಮೇಲೆ ನಿಂತಿದ್ದೀ. ಎರಡೂ ಕೈಯಲ್ಲಿ ಮೈಕು. ಕೋಲಿಲ್ಲ, ಹಿಡಿದುಕೊಳ್ಳುವವರಿಲ್ಲ. ಮೂರು ಮಹಡಿ ಇಳಿದೇ ಹೋಗಿರಬೇಕಲ್ಲ, ಹಾರಿ ಹೋಗಲಿಲ್ಲ. ನಾಲ್ಕು ದಿನ ಮುಂಚೆ ನಾನಿಲ್ಲಿ ನಿನ್ನ ಕಣ್ಣಿಗೆ ಟ್ಯಾಂಕು ಬಿಟ್ಟು ಬೇರೇನಾದರೂ ಕಾಣಲಿ ಎಂದು ಕೊಟ್ಟ ಮಾತು ಮುರಿದು ಕೂತಿದ್ದೆ.

ಆಗಲೇ ಕೇಳಬಹುದಿತ್ತು. ಕೇಳಲಿಲ್ಲ. ಹೇಗಾಯಿತು ಎಂದು ನಿನಗೆ ಹೊಳೆಯುತ್ತದೆಯಾ ಎಂದು ಬಾಗಿಲು ತೆರೆದಿಟ್ಟೆ. ನೀನು ಪಕ್ಕದ ಮಹಡಿಯವರ ಮೇಲೆ ಹಾಕಿದೆ. ಆಗಲೂ ನನಗೊಂದು ಹುಚ್ಚು ಆಸೆ. ಅವಳು ಅಚ್ಚು ಹಾಕಿಸಿಕೊಳ್ಳಲಿ, ಓದುವುದಂತೂ ಓದುತ್ತಾಳಲ್ಲ, ನನ್ನ ಕಾಗದ ಅವಳಿಗೆ ಬೇಕೇ ಬೇಕಲ್ಲ ಎಂದು. ಅದಕ್ಕೇ ನಮ್ಮ ಹಿತ್ತಲನ್ನೇ ಬರೆದೆ. ನಮ್ಮ ಗೇಟು, ನಮ್ಮ ಓಣಿ, ನಾವಿಬ್ಬರೂ ಕೂತು ಸವೆಸಿದ ಕಲ್ಲು, ನೀನೇ ಗೀಚಿದ ಗೀಟು. ನಿಧಾನವಾಗಿ ಓದು ಎಂದೂ ಬರೆದೆ. ವಿಳಾಸ ಕೂಡ ಬರೆದೆ, ನೀನು ಪ್ರತಿ ಲಕೋಟೆಯ ಮೇಲೆ ನಿನ್ನ ಕೈಯಾರೆ ಬರೆಯುವ ವಿಳಾಸ. ಒಂದನ್ನು ಮಾತ್ರ ಬೇಕೆಂದೇ ಬಿಟ್ಟೆ. ಕಲ್ಲಿನ ಕೆಳಗಿನ ಮಾವನವರನ್ನು. ಅಕ್ಕ ಗುರುತು ಹಿಡಿದರೆ ಮೊದಲು ಅದನ್ನೇ ಕೇಳುತ್ತಾಳೆ, "ಮಾವನವರು ಎಲ್ಲೇ?" ಎಂದು. ಅಷ್ಟು ಕೇಳಿದ್ದರೆ ಸಾಕಿತ್ತು. ಗೂಬೆಗಳನ್ನೂ, ಅಜ್ಜನ ಬೀಗವನ್ನೂ, ಮೈಕನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ನನ್ನಾಣೆಗೂ ಹಾಕಿಕೊಳ್ಳುತ್ತಿದ್ದೆ.

ನೀನು ಅಂಚು ಕಡಿಮೆಯಾಯಿತು ಅಂದೆ.

ನಾಲ್ಕು ಜನರನ್ನು ಒಳಗೆ ಬಿಟ್ಟೆ. ಮತ್ತೇನು ಮಾಡಲಿ, ಅಷ್ಟು ದೂರದಿಂದ ಬಂದಿದ್ದರು. ಒಬ್ಬಾಕೆ ಗೀಟುಗಳ ಮೇಲೆ ಬೆರಳಾಡಿಸಿ, "ಇನ್ನೊಬ್ರು ಯಾರಮ್ಮಾ?" ಎಂದು ಕೇಳಿದಳು. ತೀರಿಹೋದರು ಎಂದು ಬಾಯಿಗೆ ಬಂತು. ನುಂಗಿಕೊಂಡು, "ಊರು ಬಿಟ್ರು" ಅಂದೆ.

ತಂಗಿ


ಮೇ 6

ತಂಗೀ,

ಐದು ವಾರದಲ್ಲಿ ಈ ಕಾಗದವನ್ನು ಎಂಟು ಸಲ ಬರೆದು ಹರಿದೆ. ಎಂಟರಲ್ಲಿಯೂ ಗುರುತು ಹಿಡಿದಿದ್ದೆ ಎಂದು ಬರೆದಿದ್ದೆ. ನೀನು ಗೊತ್ತಿದ್ದೇ ಕೊಟ್ಟೆ, ಒಪ್ಪಿಗೆ ಎಂದುಕೊಂಡೆ ಎಂದೆಲ್ಲ. ಚೆನ್ನಾಗಿ ಬಂದಿತ್ತು. ಒಂದು ತಪ್ಪೂ ಇರಲಿಲ್ಲ.

ನಿಜ ಏನೆಂದರೆ, ನಾನು ಓದಲಿಲ್ಲ.

ಮೊದಲನೆಯದನ್ನು ಓದಿದೆ, ನಿಜವಾಗಿ ಓದಿದೆ. ನಕ್ಕು ನಕ್ಕು ಸೊಂಟ ಹಿಡಿದುಕೊಂಡೆ. ಹಳೆಯ ಅಚ್ಚುಕೂಟದ ಪರಿಚಯದವರು ನೋಡಲು ಬಂದಿದ್ದಾಗ ತೋರಿಸಿದೆ. "ನೀವು ಬರೆದದ್ದಾ? ಅದ್ಭುತವಾಗಿದೆ" ಅಂದರು. ಇಲ್ಲ ಎನ್ನಲು ಬಾಯಿ ತೆರೆದೆ. ಜೀವಮಾನವೆಲ್ಲ ಬೇರೆಯವರ ಬರಹದ ತಪ್ಪು ತಿದ್ದಿದವಳನ್ನು ಯಾರೂ ಆ ಮಾತು ಕೇಳಿರಲಿಲ್ಲ. ಬಾಯಿ ಹಾಗೇ ಮುಚ್ಚಿತು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ನನ್ನ ಎದುರು ಅಂಗಡಿಯ ಚೀಟಿ ಬರೆಯಲೂ ನಾಚುತ್ತಿದ್ದವಳು, ನೀನು ಹೀಗೆ ಬರೆಯುತ್ತೀ ಎನ್ನುವುದನ್ನು ನನ್ನಿಂದ ತಡೆದುಕೊಳ್ಳಲೂ ಆಗಲಿಲ್ಲ. ಹೊಟ್ಟೆಕಿಚ್ಚು ಎಂದೇ ಹೇಳುತ್ತೇನೆ, ಬೇರೆ ಪದ ಹುಡುಕುವುದಿಲ್ಲ. ಬೀದಿಯಲ್ಲಿ ಜನ ನನ್ನನ್ನು "ತೋಟದಮ್ಮ" ಎನ್ನುತ್ತಾರೆ ಎಂದು ನಿನ್ನ ಭಾವ ಬಂದು ಹೇಳಿದರು. ಆ ಮಾತು ಕೇಳಲೆಂದೇ ಅಕ್ಟೋಬರಿನಲ್ಲಿ ಮೆಟ್ಟಿಲು ಇಳಿದೆ. ನಿನಗೆ ಹೇಳಿದರೆ ಕಾಗದ ನಿಲ್ಲುತ್ತದೆ ಎಂದು ಹೇಳಲಿಲ್ಲ.

ಗೂಬೆಯ ವಿಷಯದಲ್ಲಿ ಏನು ಹೇಳಿದರೂ ಅದು ನೆಪವಾಗುತ್ತದೆ. ಅಳತೆಗಳನ್ನು ಹೊಡೆದುಹಾಕಬೇಕಿತ್ತು. ಕೆಂಪು ಪೆನ್ನು ಕೈಯಲ್ಲೇ ಇತ್ತು. ಅಂಕಿ ಸರಿಯಾಗಿದೆಯೇ ಎಂದು ನೋಡಿದೆನೇ ಹೊರತು ಅದು ಏನು ಹೇಳುತ್ತಿದೆ ಎಂದು ನೋಡಲಿಲ್ಲ.

ನಿನ್ನ ಕಾಗದ ಬಂದ ದಿನವೇ ಕೂತು ಕೆಲಸ ಮಾಡುತ್ತಿದ್ದೆ. ಮೇಲಿನ ಸಾಲನ್ನು ಕತ್ತರಿಯಿಂದ ಕತ್ತರಿಸುವುದು, ಕೆಳಗಿನ "ನಿನ್ನ ತಂಗಿ"ಯನ್ನು ಕತ್ತರಿಸುವುದು, ನಡುವೆ "ಅಕ್ಕಾ" ಎಂದು ಬಂದಲ್ಲೆಲ್ಲ ಗೀಟು ಎಳೆಯುವುದು, ಕಾಗುಣಿತ ನೋಡುವುದು, ಶೀರ್ಷಿಕೆ ಅಂಟಿಸಿ ಲಕೋಟೆಗೆ ಹಾಕುವುದು. ಅರ್ಧ ಗಂಟೆಯ ಕೆಲಸ. ನಮ್ಮ ಹಿತ್ತಲಿಗೂ ಅಷ್ಟೇ ಹೊತ್ತು ಹಿಡಿಯಿತು. ನಿಧಾನವಾಗಿ ಓದು ಎಂದು ಬರೆದಿದ್ದೆಯಂತೆ. ಆ ಸಾಲು ತಂಗಿಯ ಜೊತೆ ಕತ್ತರಿಗೆ ಹೋಗಿರಬೇಕು.

ನಿನ್ನ ಮಾರ್ಚಿನ ಕಾಗದ ಬಂದ ಮೇಲೆ ತೋಟದ ಕಾಗದಗಳನ್ನೆಲ್ಲ ತೆಗೆದು ಓದೋಣವೆಂದು ಕೂತೆ. ಒಂದೂ ಇಲ್ಲ. ಪತ್ರಿಕೆಯವರು ಕಳಿಸಿದ್ದನ್ನು ಹಿಂದಿರುಗಿಸುವುದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಕತ್ತರಿಸಿದ ಪಟ್ಟಿಗಳು ಮಾತ್ರ ಉಳಿದಿವೆ. ಯಾಕೆ ಬಿಸಾಡಲಿಲ್ಲವೋ ಗೊತ್ತಿಲ್ಲ. ಹದಿನೇಳು ಪಟ್ಟಿ. ಹದಿನೇಳರಲ್ಲಿಯೂ ಒಂದೇ ಮಾತು. "ನನ್ನಕ್ಕನಿಗೆ, ಊಟ ಆಯ್ತಾ?" ಇಡೀ ವರ್ಷ ನೀನು ತೋಟ ನೋಡಿ ನೋಡಿ ನನಗೆ ಬರೆದದ್ದರಲ್ಲಿ ನನ್ನ ಹತ್ತಿರ ಇರುವುದು ಅಷ್ಟೇ. ಅದೊಂದನ್ನೇ ನಾನು ಯಾರಿಗೂ ಕೊಡಲಿಲ್ಲ, ಅದೊಂದಕ್ಕೇ ಉತ್ತರವನ್ನೂ ಬರೆಯಲಿಲ್ಲ.

ಆಯಿತು ತಂಗೀ. ಊಟ ಆಯಿತು.

ಪತ್ರಿಕೆಗೆ ಬರೆದಿದ್ದೇನೆ, ಆ ಬರಹಗಳು ಯಾರವು ಎಂದು. ಅಚ್ಚು ಹಾಕುತ್ತಾರೋ ಇಲ್ಲವೋ ತಿಳಿಯದು. ಗಡಿಯಾರದ ಅಜ್ಜನಿಗೂ ಬರೆದೆ, ಆ ಕಾಗದ ಒಡೆಯದೆ ಹಿಂದಕ್ಕೆ ಬಂತು. ನಿನ್ನಿಂದ ಏನನ್ನೂ ಕೇಳುವ ಮುಖವಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ, ತಡವಾಗಿದೆ ಎಂದು ಗೊತ್ತು. ಮಾವನವರು ಇದ್ದಾರೆಯೇ?

ನಿನ್ನ ಅಕ್ಕ


ಜೂನ್ 8

ನಮ್ಮ ಹಿತ್ತಲು ಈ ವರ್ಷದ ಹಳದಿ ಪುಸ್ತಿಕೆಯಲ್ಲಿದೆ, ಪುಟ ಹತ್ತೊಂಬತ್ತು. ಜನ ಬರುವುದು ನಿಲ್ಲಲಿಲ್ಲ, ಹಾಗಾಗಿ ನಾನೇ ಹೆಸರು ಕೊಟ್ಟೆ. ಪ್ರತಿ ತಿಂಗಳ ಮೂರನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಗೇಟು ತೆರೆದಿರುತ್ತದೆ. ಗೇಟನ್ನು ಎತ್ತಿ ತಳ್ಳಬೇಕು. ಒಗೆಯುವ ಕಲ್ಲಿನ ಸುತ್ತ ಹಗ್ಗ ಕಟ್ಟಿದ್ದೇನೆ, ಅದರಾಚೆ ಯಾರಿಗೂ ಪ್ರವೇಶವಿಲ್ಲ. ಒಳಗೆ ಬರುವವರು ಪೆನ್ನು, ಪುಸ್ತಕ, ಫೋನುಗಳನ್ನು ಗೇಟಿನ ಬಳಿಯ ಬುಟ್ಟಿಯಲ್ಲಿ ಇಟ್ಟು ಬರಬೇಕು.

ಕಲ್ಲಿನ ಕೆಳಗೆ ಯಾರಿದ್ದಾರೆ, ಯಾರಿಲ್ಲ ಎನ್ನುವುದನ್ನು ಕಾಗದದಲ್ಲಿ ಬರೆಯುವುದಿಲ್ಲ. ನೀವು ಮೆಟ್ಟಿಲು ಇಳಿಯುತ್ತೀರಲ್ಲ, ಎಲ್ಲರ ಹಾಗೆ ಬಂದು ಹಗ್ಗದ ಈಚೆ ನಿಂತು ನೋಡಬಹುದು.

ಮೇಲಿನ ಸಾಲನ್ನೂ ಕೆಳಗಿನ ಸಾಲನ್ನೂ ನಾನೇ ಬರೆಯದೆ ಬಿಟ್ಟಿದ್ದೇನೆ. ನಿಮಗೆ ಕತ್ತರಿಯ ಕೆಲಸ ತಪ್ಪಿತು.